ಎರಡು ಡೈಗಳ ನಡುವಿನ ಎನರ್ಜಿ ಟ್ರಾನ್ಸ್‌ಫರನ್ನ ಕನ್ನಡಿ ಸಂದಿಯಲ್ಲಿಟ್ಟು ಹೆಚ್ಚು ಕಮ್ಮಿ ಮಾಡೋದು ಹೇಗೆ

ಮೊದ್ಲೇ ಒಂದು ಮಾತು, ಕ್ಯಾವಿಟಿ (ಎದುರುಬದುರು ಕನ್ನಡಿಗಳ ಸಂದಿ) ಒಳಗೆ ಹಾಕಿದ್ ತಕ್ಷಣ ಫ್ರೆಟ್ (ಡೋನರ್ ಅನ್ನೋ ಡೈ ಬೆಳಕು ಚೆಲ್ಲದೇ ತನ್ನ ಎನರ್ಜಿಯನ್ನ ಪಕ್ಕದ ಡೈಗೆ ದಾಟಿಸೋದು) ತಾನಾಗೇ ಜೋರಾಗುತ್ತೆ ಅಂದ್ಕೊಂಡು ಶುರು ಮಾಡ್ಬೇಡಿ. 2000ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಯೂನಿವರ್ಸಿಟಿಯ ಆಂಡ್ರ್ಯೂ, ಬಾರ್ನ್ಸ್ ಹಾಗೇ ಜೋರಾಗುತ್ತೆ ಅಂತ ತೋರಿಸಿದ್ರು, 2012ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ಯೂನಿವರ್ಸಿಟಿಯ ಬ್ಲಮ್ ತಂಡ ಇಲ್ಲ, ಆ ವೇಗ ಇದ್ದ ಹಾಗೇ ಇರುತ್ತೆ, ಬದಲಾಗೋದು ಎಫಿಶಿಯನ್ಸಿ (ಡೋನರ್ ಎನರ್ಜಿಯಲ್ಲಿ ದಾಟೋ ಪಾಲು) ಮಾತ್ರ ಅಂದ್ರು. ನಾನು ಎರಡನೇ ಪಾರ್ಟಿ. ಐದಾರು ನ್ಯಾನೋಮೀಟರ್ ದೂರದಲ್ಲಿ ನಡೆಯೋ ವ್ಯವಹಾರಕ್ಕೆ ಅದಕ್ಕಿಂತ ಎಷ್ಟೋ ಆಚೆ ಇರೋ ಕನ್ನಡಿ ಏನ್ ಮಾಡೀತು? ಅದು ಮಾಡೋದು ಇಷ್ಟೇ, ಡೋನರ್ ತನ್ನ ಬೆಳಕನ್ನ ಹೊರಗೆ ಚೆಲ್ಲೋ ದಾರಿಯನ್ನ ಅಗಲ ಮಾಡುತ್ತೆ ಇಲ್ಲಾ ಕಿರಿದು ಮಾಡುತ್ತೆ.

ಅದಕ್ಕೇ ಡೋನರ್ ಆರಿಸೋವಾಗ ಕ್ವಾಂಟಮ್ ಯೀಲ್ಡ್ (ಹೀರಿದ್ದರಲ್ಲಿ ಬೆಳಕಾಗಿ ವಾಪಸ್ ಬರೋ ಪಾಲು) ಜಾಸ್ತಿ ಇರೋದನ್ನೇ ತಗೊಳ್ಳಿ, ಬೆಳಕು ಕೊಡದೇ ಬಿಸಿಯಾಗಿ ಹೋಗೋ ಡೈ ಮೇಲೆ ಕನ್ನಡಿ ಆಟ ನಡೆಯಲ್ಲ. ಡೋನರಿಗೆ ಅಲೆಕ್ಸಾ 488 ಡೈ (ಯೀಲ್ಡ್ 0.92, ಲೈಫ್‌ಟೈಮ್ ಅಂದ್ರೆ ಎನರ್ಜಿ ಹಿಡಿದಿಟ್ಕೊಳ್ಳೋ ಸರಾಸರಿ ಹೊತ್ತು 4.1 ನ್ಯಾನೋಸೆಕೆಂಡ್) ಮತ್ತು ಎನರ್ಜಿ ತಗೊಳ್ಳೋಕೆ ಅಲೆಕ್ಸಾ 594 ಒಳ್ಳೇ ಜೋಡಿ. ಎರಡನ್ನೂ ಡಿಎನ್‌ಎ ಮೇಲೆ 18 ಬೇಸ್ ಪೇರ್ ಅಂತರದಲ್ಲಿ ಕೂರಿಸಿದ್ರೆ ಸುಮಾರು 6 ನ್ಯಾನೋಮೀಟರ್, ಅಂದ್ರೆ ಹತ್ರ ಹತ್ರ 50% ಟ್ರಾನ್ಸ್‌ಫರ್. ಫಿಲ್ಮ್ ಒಳಗೆ ಸ್ವಲ್ಪ ಆಚೀಚೆ ಆಗುತ್ತೆ, ಪರವಾಗಿಲ್ಲ. ಲೆಕ್ಕಕ್ಕೆ ಡೋನರಿನ ರೇಡಿಯೇಟಿವ್ ರೇಟ್ (ಬೆಳಕು ಚೆಲ್ಲೋ ವೇಗ) ಎರಡು ಪಟ್ಟಾಯ್ತು ಅನ್ನಿ, 50 ಇದ್ದದ್ದು 34%ಗೆ ಇಳಿಯುತ್ತೆ, ಅರ್ಧ ಆದ್ರೆ 65%ಗೆ ಏರುತ್ತೆ.

ಈಗ ಕಟ್ಟೋದು. ಕವರ್‌ಸ್ಲಿಪ್ ಮೇಲೆ 30 ನ್ಯಾನೋಮೀಟರ್ ಬೆಳ್ಳಿ, ಅದ್ರ ಮೇಲೆ ಸುಮಾರು 50 ನ್ಯಾನೋಮೀಟರ್ ಸಿಲಿಕಾ, ಇದನ್ನ ಬಿಡ್ಬೇಡಿ, ಡೈ ಬೆಳ್ಳಿಗೆ ಅಂಟ್ಕೊಂಡಿದ್ರೆ ಬೆಳ್ಳಿಯೇ ಎನರ್ಜಿ ನುಂಗಿಬಿಡುತ್ತೆ. ಅದ್ರ ಮೇಲೆ ಡಿಎನ್‌ಎ ಕಲಸಿದ ಪಿವಿಎ (ನೀರಲ್ಲಿ ಕರಗೋ ಪ್ಲಾಸ್ಟಿಕ್), 30 ನ್ಯಾನೋಮೀಟರ್ ತೆಳ್ಳಗೆ ಸ್ಪಿನ್ ಕೋಟ್ ಮಾಡಿ. ಇನ್ನೊಂದು ಕಡೆಗೆ ಉಬ್ಬು ಲೆನ್ಸ್ ಮೇಲೆ 60 ನ್ಯಾನೋಮೀಟರ್ ಬೆಳ್ಳಿ, ಅದನ್ನ ಪೀಜೋಗೆ (ವೋಲ್ಟೇಜ್ ಕೊಟ್ರೆ ನ್ಯಾನೋಮೀಟರ್ ಲೆಕ್ಕದಲ್ಲಿ ಸರಿಯೋ ಸಾಧನ) ಕಟ್ಟಿ, ಮಧ್ಯೆ ಒಂದು ತೊಟ್ಟು ಇಮ್ಮರ್ಶನ್ ಆಯಿಲ್. ಲೆನ್ಸ್ ಇಳಿಸ್ತಾ ಬಿಳಿ ಬೆಳಕು ಹಾಯಿಸಿ ನೋಡಿ, ಬಣ್ಣಬಣ್ಣದ ನ್ಯೂಟನ್ ಉಂಗುರ ಕಾಣುತ್ತೆ, ಇಳಿಸಿದ ಹಾಗೆ ಉಂಗುರಗಳು ನಡುವಲ್ಲಿ ಒಂದೊಂದಾಗಿ ಹುಟ್ಟಿ ಹೊರಗೆ ಸರೀತವೆ, ಕೊನೇ ಸಲ ನಡುವಿನ ಚುಕ್ಕೆ ಕೆಂಪಿಂದ ಹಸಿರು, ಹಸಿರಿಂದ ನೀಲಿಗೆ ಬಂತು ಅಂದ್ರೆ ಅರ್ಧ ತರಂಗದ ಸಂದಿಗೆ ಬಂದ್ರಿ ಅಂತ. ಅಲ್ಲಿಂದ ಮುಂದೆ ಕೈ ನಡುಗಿಸ್ಬೇಡಿ, ಲೆನ್ಸ್ ಫಿಲ್ಮನ್ನ ಕೆರೆದ್ರೆ ಇಡೀ ದಿನದ ಕೆಲಸ ಹೋಯ್ತು.

ಡೋನರ್ ಬೆಳಕು ಜೋರಾಗಿರೋ 519 ನ್ಯಾನೋಮೀಟರಿಗೆ ಸಂದಿ ಲೆಕ್ಕದಲ್ಲಿ 173, ಇನ್ನೊಂದು ಡೈನ 617ಕ್ಕೆ 206 (ಒಳಗಿನ ಆಯಿಲ್, ಫಿಲ್ಮಿನ ರಿಫ್ರಾಕ್ಟಿವ್ ಇಂಡೆಕ್ಸ್ ಸುಮಾರು 1.5 ಅಂತ ಹಿಡಿದು). ಬೆಳಕು ಬೆಳ್ಳಿಯೊಳಗೂ ಸ್ವಲ್ಪ ಇಳಿಯೋದ್ರಿಂದ ನಿಜವಾದ ಸಂದಿ ಹತ್ತಾರು ನ್ಯಾನೋಮೀಟರ್ ಕಮ್ಮಿ ಇರುತ್ತೆ, ಹಾಗಾಗಿ ಪೀಜೋ ರೀಡಿಂಗ್ ನಂಬದೆ ಟ್ರಾನ್ಸ್‌ಮಿಶನ್ ಪೀಕ್ (ಅತಿ ಹೆಚ್ಚು ಹಾದು ಬರೋ ಬೆಳಕಿನ ತರಂಗಾಂತರ) ಎಲ್ಲಿದೆ ಅಂತ ನೋಡ್ಕೊಂಡು ಟ್ಯೂನ್ ಮಾಡಿ. ಪೀಕ್ 519ರ ಮೇಲೆ ಕೂತ್ರೆ ಡೋನರ್ ಬೇಗ ಖಾಲಿ ಆಗುತ್ತೆ, ಟ್ರಾನ್ಸ್‌ಫರ್ ಕಮ್ಮಿ. ಟ್ರಾನ್ಸ್‌ಫರ್ ಜಾಸ್ತಿ ಬೇಕಾ, ಪೀಕನ್ನ 519ಕ್ಕಿಂತ ನೀಲಿ ಕಡೆಗೆ ತನ್ನಿ, ಸುಮಾರು 495. ಕೆಂಪು ಕಡೆಗೆ ತಂದ್ರೆ ಆಗಲ್ಲ, ಸಂದಿ ದೊಡ್ಡದಾದಾಗ ಡೋನರ್ ಬೆಳಕು ಓರೆಯಾಗಿ ತಪ್ಪಿಸ್ಕೊಂಡು ಹೋಗುತ್ತೆ.

ಅಳತೆ ವಿಷಯಕ್ಕೆ ಬಂದ್ರೆ, ಬ್ರೈಟ್‌ನೆಸ್ ನೋಡಿ ಮೋಸ ಹೋಗ್ಬೇಡಿ, ಸಂದಿ ಬದಲಾದ್ರೆ ಲೇಸರ್ ಒಳಗೆ ಹೋಗೋದೂ ಬದಲಾಗುತ್ತೆ. ಲೈಫ್‌ಟೈಮೇ ಅಳೀರಿ. ಒಂದು ಜೋಡಿ ಸ್ಯಾಂಪಲ್, ಒಂದು ಬರೀ ಡೋನರ್ ಸ್ಯಾಂಪಲ್, ಎರಡೂ ಅದೇ ಪೀಕ್ ಪೊಸಿಶನ್‌ನಲ್ಲಿ, ಒಂದರಿಂದ ಅವೆರಡರ ಅನುಪಾತ ಕಳೆದ್ರೆ ಎಫಿಶಿಯನ್ಸಿ. ನಾನು ಎರಡು ವಾರ ಗಾಜಿನ ಮೇಲಿನ 4.1ನ್ನೇ ರೆಫರೆನ್ಸ್ ಹಿಡ್ಕೊಂಡು ಕೂತಿದ್ದೆ, 519ರಲ್ಲಿ ಟ್ರಾನ್ಸ್‌ಫರ್ ಏರ್ತಾ ಇದೆ ಅಂತ ಸಿಕ್ಕಸಿಕ್ಕವರಿಗೆಲ್ಲಾ ಹೇಳಿದ್ದೂ ಆಯ್ತು, ನಿಜಕ್ಕೆ ಅದು ಇಳೀತಾ ಇತ್ತು, ಲೈಫ್‌ಟೈಮ್ ಕಮ್ಮಿ ಮಾಡಿದ್ದು ಬರೀ ಕನ್ನಡಿ.