ಇಷ್ಟದ ಊಟ ಯಾವುದು ಅಂತ ಕೇಳಿದರೆ

ದಿನಕ್ಕೊಂದು ಪ್ರಶ್ನೆಗೆ ಉತ್ತರ ಬರೆಯುವುದು ನನಗೆ ಈಗ ರೂಢಿ. ಪ್ರಶ್ನೆ ಬೆಳಿಗ್ಗೆ ಫೋನಿಗೆ ಬರುತ್ತದೆ. ನಿಮ್ಮ ಮೆಚ್ಚಿನ ತಿಂಡಿ ಯಾವುದು? ರಜೆಯ ದಿನ ಏನು ಮಾಡುತ್ತೀರಿ? ಮನೆಯಲ್ಲಿ ಯಾವ ಕೆಲಸ ಕಂಡರೆ ಬೇಜಾರು? ಓದಿದರೆ ಎಲ್ಲಾ ಸುಲಭ. ಬರೆಯಲು ಕೂತಾಗ ಗೊತ್ತಾಗುತ್ತದೆ. ‘ಮಸಾಲೆ ದೋಸೆ’ ಅಂತ ಎರಡು ಪದ ಬರೆದರೆ ಉತ್ತರ ಮುಗಿದೇ ಹೋಯಿತಲ್ವಾ? ಅದನ್ನು ನಾನೇ ಬರೆಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ.

ನಾನು ಮಾಡುವುದು ಇಷ್ಟೇ. ಬಂದ ಪ್ರಶ್ನೆಯನ್ನು ಮೊದಲು ಚಿಕ್ಕದು ಮಾಡುತ್ತೇನೆ. ‘ಇಷ್ಟದ ಊಟ ಯಾವುದು’ ಅನ್ನುವುದನ್ನು ‘ಜನವರಿಯಲ್ಲಿ ತರಕಾರಿ ಅಂಗಡಿಗೆ ಹೋದರೆ ಮೊದಲು ಕೈ ಹಾಕುವುದು ಯಾವುದಕ್ಕೆ’ ಅಂತ ಬದಲಾಯಿಸುತ್ತೇನೆ. ಆಗ ಯೋಚನೆಯೇ ಬೇಡ. ಅವರೆಕಾಯಿ! ಕುಣಿಗಲ್ ಕಡೆ ಹುಟ್ಟಿದವಳು ಬೇರೆ ಏನು ಹೇಳಲಿ?

ಅವರೆಕಾಯಿ ಅಂದ ಮೇಲೆ ಬರೆಯಲು ಬೇಕಾದಷ್ಟಿದೆ. ಕಾಯಿ ಮುಟ್ಟಿದರೆ ಕೈಗೆ ಜಿಡ್ಡು ಅಂಟಬೇಕು, ಸೊಗಡು ಮೂಗಿಗೆ ಬಡಿಯಬೇಕು. ಅದಿಲ್ಲದಿದ್ದರೆ ಅಮ್ಮ ಅದನ್ನು ಬುಟ್ಟಿಗೆ ವಾಪಸ್ ಹಾಕುತ್ತಾಳೆ. ಸುಲಿದ ಕಾಳನ್ನು ನೀರಿನಲ್ಲಿ ನೆನೆಸಿ, ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಅದೇ ಹಿತಕವರೆ. ಚೀಲ ತುಂಬ ಕಾಯಿ ತಂದರೂ ಕೊನೆಗೆ ಒಂದು ಬಟ್ಟಲು ಬೇಳೆ. ಅದಕ್ಕೇ ಇದು ಒಬ್ಬರ ಕೆಲಸ ಅಲ್ಲ. ಸಂಕ್ರಾಂತಿ ಹೊತ್ತಿಗೆ ನಮ್ಮನೆಗೆ ಯಾರು ಬಂದರೂ ಮುಂದೆ ಒಂದು ಪಾತ್ರೆ ಇಡುತ್ತೇವೆ. ಮಾತಾಡುತ್ತಾ ಹಿತುಕಬೇಕು. ಬೆಂಗಳೂರಿನ ಅವರೆ ಮೇಳದಲ್ಲಿ ಅವರೆ ದೋಸೆ ತಿಂದು ಬರುವುದು ಬೇರೆ, ಇದು ಬೇರೆ. ಅಲ್ಲಿ ಹಿತುಕಿದ್ದು ಯಾರೋ.

ಇಷ್ಟು ಬರೆದ ಮೇಲೂ ‘ನನಗೆ ಅವರೆಕಾಯಿ ಇಷ್ಟ’ ಅನ್ನುವ ವಾಕ್ಯ ಬೇಕು ಅನ್ನಿಸಲಿಲ್ಲ. ಅಂದಿನಿಂದ ‘ತುಂಬಾ ಇಷ್ಟ’, ‘ಸೂಪರ್’, ‘ಬಾಯಲ್ಲಿ ನೀರು’ ಇಂಥವನ್ನೆಲ್ಲ ಬಿಟ್ಟಿದ್ದೇನೆ.

ಕೆಲವು ಪ್ರಶ್ನೆಗಳು ನಮ್ಮ ಅಡುಗೆಮನೆಯಲ್ಲಿ ಹುಟ್ಟಿದವಲ್ಲ. ಮನಸ್ಸಿಗೆ ಆರಾಮ ಕೊಡುವ ಊಟ ಯಾವುದು ಅಂತ ಒಂದು ದಿನ ಬಂತು. ಮಳೆ, ಕಂಬಳಿ, ಬಿಸಿ ಸೂಪು, ಆ ಥರದ್ದು ಏನೋ ಪ್ರಶ್ನೆ ಬರೆದವರ ತಲೆಯಲ್ಲಿತ್ತು ಅನ್ನಿಸುತ್ತೆ. ನಾನು ಅದನ್ನು ‘ಜ್ವರ ಬಿಟ್ಟ ಮಾರನೇ ದಿನ ಏನು ತಿನ್ನುತ್ತೀಯಾ’ ಅಂತ ತಿರುಗಿಸಿಕೊಂಡೆ. ಮೊದಲು ಗಂಜಿ, ಸ್ವಲ್ಪ ಉಪ್ಪು. ನಾಲಿಗೆಗೆ ರುಚಿ ತಿರುಗಿದ ಮೇಲೆ ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿದ ಸಾರು. ಆಮೇಲೆ ಸುಟ್ಟ ಹಪ್ಪಳ. ಕರಿದದ್ದು ಬೇಡ ಅನ್ನುವ ಕಾಲದಲ್ಲಿ ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೆ ಸಮ ಯಾವುದೂ ಇಲ್ಲ. ಈಗ ಗ್ಯಾಸಿನ ಉರಿ, ಅಂಚು ಬೇಗ ಕಪ್ಪಾಗುತ್ತದೆ. ಪರವಾಗಿಲ್ಲ.

ನನ್ನ ಗಂಡನ ಊರು ಧಾರವಾಡದ ಕಡೆ. ಇದು ಬರೆಯುವವಳಿಗೆ ದೊಡ್ಡ ಲಾಭ. ಒಂದೇ ಪ್ರಶ್ನೆ ಅವರಿಗೂ ಕೇಳುತ್ತೇನೆ. ನಾನು ಮುದ್ದೆ ಅಂದರೆ ಅವರು ರೊಟ್ಟಿ. ನಾನು ಸಾರು ಅಂದರೆ ಅವರು ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೊಂದಿಷ್ಟು ಕೆನೆಮೊಸರು. ಜೋಳದ ಹಿಟ್ಟಿಗೆ ಬಿಸಿನೀರೇ ಯಾಕೆ ಅಂತ ನಾನು ಕೇಳಿದ್ದು ಇಂಥ ಒಂದು ಉತ್ತರ ಬರೆಯುವಾಗಲೇ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಎಸರು ಕುದಿಸಿ ಹಿಟ್ಟಿಗೆ ಹೊಯ್ದರೆ ಅದರ ಪಿಷ್ಟ ಬೆಂದು ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ತಣ್ಣೀರಲ್ಲಿ ಕಲಸಿದರೆ ಬಡಿಯುವಾಗ ಅಂಚು ಬಿರುಕು ಬಿಡುತ್ತದೆ. ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಇರುತ್ತದೆ. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತಾರೆ. ಮುದ್ದೆಯನ್ನು ಹಾಗೆ ಕಳಿಸೋಕೆ ಆಗಲ್ಲ ಅನ್ನುವುದು ನನ್ನ ಗಂಡನ ಗೆಲುವಿನ ವಾದ.

ಇನ್ನೊಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿ ಉತ್ತರದಲ್ಲೂ ಬೇರೆಯವರು ಕೈಯಲ್ಲಿ ಮಾಡಿ ನೋಡಬಹುದಾದ ಒಂದು ಸಂಗತಿ ಇರಬೇಕು. ಅಳತೆ, ಹೊತ್ತು, ಬೆಲೆ, ಏನಾದರೂ ಸರಿ. ಅಮ್ಮನ ಹತ್ತಿರ ಅಳತೆ ಹೊರಡಿಸುವುದು ಮಾತ್ರ ಕಷ್ಟ. ‘ಎಷ್ಟು ಬೇಕೋ ಅಷ್ಟು’ ಅನ್ನುತ್ತಾಳೆ. ಕೊನೆಗೆ ಅವಳು ಮುದ್ದೆ ಮಾಡುವಾಗ ಪಕ್ಕದಲ್ಲಿ ಲೋಟ ಹಿಡಿದು ನಿಂತೆ. ಒಂದು ಲೋಟ ರಾಗಿ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ನೀರು ಕುದಿಯುವಾಗಲೇ ಒಂದು ಚಮಚ ಹಿಟ್ಟು ಕದಡಿ ಬಿಡಬೇಕು. ಉಳಿದ ಹಿಟ್ಟನ್ನು ಮಧ್ಯಕ್ಕೆ ಗುಡ್ಡೆಯಾಗಿ ಸುರಿದು, ಕದಡದೆ ಬೇಯಲು ಬಿಡಬೇಕು. ಆಮೇಲೆ ಉರಿ ಸಣ್ಣ ಮಾಡಿ ಕೋಲಿನಲ್ಲಿ ತಿರುವಬೇಕು. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು. ಆಗ ಬೆಂದಿದೆ.

ಬಸ್ಸಾರಿನ ಬಗ್ಗೆ ಬರೆದಾಗ ಪುಟ ತುಂಬಿ ಹೋಯಿತು. ‘ಏನನ್ನೂ ವೇಸ್ಟ್ ಮಾಡದ ನಿಮ್ಮ ಅಭ್ಯಾಸ ಯಾವುದು’ ಅನ್ನುವ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅದು. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಂಡರೆ ಒಂದೇ ಪಾತ್ರೆಯಿಂದ ಎರಡು ಅಡುಗೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ತೆಂಗಿನಕಾಯಿ, ಹುಣಸೆ, ಖಾರದಪುಡಿ ಜೊತೆ ರುಬ್ಬಬೇಕು. ಬೆಂದ ಕಾಳುಸೊಪ್ಪು ಒಂದು ಹಿಡಿ ಅದಕ್ಕೇ ಸೇರಬೇಕು. ಅದು ಕಟ್ಟಿಗೆ ಬಿದ್ದು ಕುದ್ದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಮಾರನೇ ದಿನದ ಸಾರು ಇನ್ನೂ ರುಚಿ.

ದಿನಚರಿಯ ಪ್ರಶ್ನೆಗಳಲ್ಲಿ ನನಗೆ ಅಷ್ಟು ಹುರುಪಿಲ್ಲ. ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಅಂದರೆ ಏನು ಬರೆಯೋದು? ಹಲ್ಲುಜ್ಜುತ್ತೇನೆ ಅಂತಲೇ? ಅಲ್ಲೂ ಒಂದು ವಸ್ತು ಹಿಡಿದುಕೊಂಡರೆ ದಾರಿ ಸಿಗುತ್ತದೆ. ನಾನು ಹಿಡಿದದ್ದು ಕಾಫಿ ಫಿಲ್ಟರನ್ನು. ಪುಡಿ ಹಾಕಿ, ಬಿಲ್ಲೆ ಒತ್ತಿ, ಕುದಿಯುವ ನೀರು ಹೊಯ್ದರೆ ಡಿಕಾಕ್ಷನ್ ಇಳಿಯಲು ಕಾಲು ಗಂಟೆಯಾದರೂ ಬೇಕು. ಬಿಲ್ಲೆ ಜಾಸ್ತಿ ಒತ್ತಿದರೆ ಇಳಿಯುವುದೇ ಇಲ್ಲ. ಚಿಕೋರಿ ಇದ್ದರೆ ಗಟ್ಟಿ, ನಿಧಾನ. ಆ ಕಾಲು ಗಂಟೆಯಲ್ಲಿ ಬಾಗಿಲಿಗೆ ನೀರು, ರಂಗೋಲಿ, ಹಾಲಿನ ಪ್ಯಾಕೆಟ್, ಮಗನನ್ನು ಎಬ್ಬಿಸುವ ಮೊದಲ ಸುತ್ತು. ಎರಡನೇ ಸುತ್ತು ಕಾಫಿ ಕುಡಿದ ಮೇಲೆ.

ಬಿಟ್ಟುಬಿಡುವ ಪ್ರಶ್ನೆಗಳೂ ಇವೆ. ಕೋಟಿ ರೂಪಾಯಿ ಸಿಕ್ಕರೆ ಏನು ಮಾಡುತ್ತೀರಿ, ಪ್ರಾಣಿಯಾಗಿದ್ದರೆ ಯಾವ ಪ್ರಾಣಿ, ಇಂಥವಕ್ಕೆ ಒಂದು ಅಡ್ಡಗೆರೆ ಎಳೆದು ಸುಮ್ನೆ ಪುಟ ತಿರುಗಿಸುತ್ತೇನೆ. ದಿನಾ ಬರೆಯಲೇಬೇಕು ಅನ್ನುವ ಹಟ ಒಳ್ಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ. ಮನೆಯವರ ಬಗ್ಗೆ ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಇಟ್ಟುಕೊಳ್ಳುತ್ತೇನೆ. ಅತ್ತೆಯ ಅಡುಗೆ ಜಗಳದ ಒಂದು ಒಳ್ಳೆಯ ಕಥೆ ಹಾಗೇ ಹೋಯಿತು. ಅವರು ಬೇಡ ಅಂದರು.

ಬರೆಯುವುದು ರಾತ್ರಿ, ಪಾತ್ರೆ ತೊಳೆದಾದ ಮೇಲೆ. ಬೆಳಿಗ್ಗೆ ಓದಿದ ಪ್ರಶ್ನೆ ಅಷ್ಟು ಹೊತ್ತು ತಲೆಯಲ್ಲಿ ಓಡಾಡಿರುತ್ತದೆ, ಬಸ್ಸಿನಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ. ಫೋನಿಗೆ ಬಾಯಲ್ಲಿ ಹೇಳಿ ಬರೆಸುವುದನ್ನೂ ನೋಡಿದೆ. ಹಿತಕವರೆ, ಗುರೆಳ್ಳು ಅಂದರೆ ಅದು ಏನೇನೋ ಬರೆಯುತ್ತದೆ. ನೋಟ್‌ಬುಕ್ಕೇ ವಾಸಿ. ಪುಟಗಳನ್ನು ತಿಂಗಳ ಪ್ರಕಾರ ಜೋಡಿಸಿದ್ದೇನೆ, ಪ್ರಶ್ನೆಯ ಪ್ರಕಾರ ಅಲ್ಲ. ಏಪ್ರಿಲ್ ತೆರೆದರೆ ಮಾವಿನಕಾಯಿ ಚಿತ್ರಾನ್ನ, ಡಿಸೆಂಬರ್ ತೆರೆದರೆ ಅವರೆ. ಹೊರಗೆ ಓದುತ್ತಿರುವ ದೊಡ್ಡ ಮಗಳು ಬಸ್ಸಾರಿನ ಪುಟದ ಫೋಟೊ ತರಿಸಿಕೊಂಡಳು. ‘ಒಂದು ಹಿಡಿ ಅಂದರೆ ನಿನ್ನ ಹಿಡಿಯಾ, ಅಜ್ಜಿಯ ಹಿಡಿಯಾ’ ಅಂತ ಮೆಸೇಜು. ಅಜ್ಜಿಯ ಹಿಡಿ ದೊಡ್ಡದು. ಮುಕ್ಕಾಲು ಬಟ್ಟಲು ಅಂತ ಪಕ್ಕದಲ್ಲಿ ಬರೆದು ಮತ್ತೆ ಫೋಟೊ ಕಳಿಸಿದೆ.