ಖಾಲಿ ಕಾರ್ಡು

“ನಿಮ್ಮ ತಂದೆಗೆ ಆಗಿದ್ದರೆ ಏನು ಮಾಡ್ತಿದ್ರಿ ಡಾಕ್ಟ್ರೇ?” ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಎಂದು ತಿಳಿದ ದಿನ ಹೆಚ್ಚಿನವರು ಕೇಳುವುದು ಇದನ್ನೇ. ನಾನು ಸರ್ಜನ್. ಆಪರೇಷನ್ ಎಂದೇ ಎಷ್ಟೋ ಸಲ ಹೇಳಿದ್ದೇನೆ.

ಆಪರೇಷನ್ ಆಗಿ ಎಂಟು ತಿಂಗಳಿಗೆ ಒಬ್ಬರು ಬಂದರು. “ಮೂತ್ರ ಸೋರುತ್ತೆ, ಪ್ಯಾಡ್ ಇಲ್ಲದೆ ಹೊರಗೆ ಹೋಗೋಕಾಗಲ್ಲ ಸರ್. ಹೀಗಾಗಬಹುದು ಅಂತ ಹೇಳಿದ್ರಿ. ಅದು ನನಗೆ ಎಷ್ಟು ದೊಡ್ಡದು ಅಂತ ಕೇಳಲಿಲ್ಲ” ಎಂದರು. ನಿಜ, ಕೇಳಿರಲಿಲ್ಲ.

ಅಂದಿನಿಂದ ಕೇಳತೊಡಗಿದೆ. ಆಯಸ್ಸು, ಮೂತ್ರದ ಹಿಡಿತ, ಲೈಂಗಿಕ ಶಕ್ತಿ, ಮಲವಿಸರ್ಜನೆ: ಒಂದೊಂದಕ್ಕೂ 10ಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದರೆ ಎಲ್ಲದಕ್ಕೂ 9 ಅಥವಾ 10 ಬರುತ್ತಿತ್ತು. ಒಂದನ್ನು ಬಿಟ್ಟುಕೊಡಬೇಕಾದಾಗ ತಾನೇ ಇನ್ನೊಂದರ ಬೆಲೆ ಗೊತ್ತಾಗುವುದು! ಹಾಗಾಗಿ ಜೋಡಿ ಕಾರ್ಡು ಮಾಡಿದೆ. ಒಂದರಲ್ಲಿ ರೋಗ ಹರಡುವ ಸಾಧ್ಯತೆ ಕಡಿಮೆ, ಮೂತ್ರ ಸೋರುವುದು ಹೆಚ್ಚು, ಇನ್ನೊಂದರಲ್ಲಿ ತಿರುಗಮುರುಗ. ಒಂದನ್ನು ಆರಿಸಲೇಬೇಕು. ಇಂಥ ಹತ್ತು ಜೋಡಿ. ಮೊದಲ ಜೋಡಿಯನ್ನೇ ಕೊನೆಯಲ್ಲಿ ಎಡಬಲ ಬದಲಿಸಿ ಮತ್ತೆ ಇಡುತ್ತೇನೆ; ಉತ್ತರ ಬದಲಾದರೆ ನಾನು ಸರಿಯಾಗಿ ವಿವರಿಸಿಲ್ಲ ಎಂದರ್ಥ.

ಕಾರ್ಡಿನ ಸಂಖ್ಯೆಗಳನ್ನು ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಿಂದ ತೆಗೆದುಕೊಂಡೆ, 100 ಚುಕ್ಕೆಗಳಾಗಿ ಬಿಡಿಸಿದೆ. ಅದರಲ್ಲಿದ್ದವರು 1,643 ಮಂದಿ. ನಿಗಾ (ತಕ್ಷಣ ಚಿಕಿತ್ಸೆ ಕೊಡದೆ ಆಗಾಗ ಪರೀಕ್ಷೆ ಮಾಡುತ್ತ ಕಾಯುವುದು), ಆಪರೇಷನ್, ವಿಕಿರಣ, ಯಾವ ಗುಂಪಿನಲ್ಲಿದ್ದರೂ 15 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 100ಕ್ಕೆ ಸುಮಾರು 2ರಿಂದ 3. ರೋಗ ದೂರಕ್ಕೆ ಹರಡಿದ್ದು ನಿಗಾ ಗುಂಪಿನಲ್ಲಿ 9, ಉಳಿದೆರಡರಲ್ಲಿ 5. ಆಪರೇಷನ್ ಗುಂಪಿನಲ್ಲಿ ಆರು ತಿಂಗಳಿಗೆ ಪ್ಯಾಡ್ ಬಳಸುತ್ತಿದ್ದವರು 46, ಆರು ವರ್ಷಕ್ಕೆ 17. ಪ್ರಾಸ್ಟೇಟಿನೊಳಗೇ ಇರುವ ರೋಗದ ಲೆಕ್ಕ ಇದು. ಹರಡಿದವರ ಮುಂದೆ ಈ ಕಾರ್ಡು ಇಡುವುದಿಲ್ಲ.

ಹೆಂಡತಿ ಪಕ್ಕದಲ್ಲಿದ್ದರೆ ಲೈಂಗಿಕ ಶಕ್ತಿಯ ಮಾತು ಬಂದಾಗ ಕೆಲವರು “ಅದೆಲ್ಲ ಈಗ ಯಾಕೆ” ಎಂದುಬಿಡುತ್ತಾರೆ. ಒಬ್ಬರೇ ಇದ್ದಾಗ ಅದೇ ಮುಖ್ಯವಾದದ್ದನ್ನೂ ಕಂಡಿದ್ದೇನೆ. ಆದ್ದರಿಂದ ಮೊದಲು ಒಬ್ಬರೇ, ಆಮೇಲೆ ಇಬ್ಬರೂ.

ಕಡಿಮೆ ಅಪಾಯದ ರೋಗವಿದ್ದ ಒಬ್ಬರು ಪ್ರತಿ ಜೋಡಿಯಲ್ಲೂ ಮೂತ್ರದ ಹಿಡಿತವನ್ನೇ ಉಳಿಸಿಕೊಂಡರು. ನಿಗಾ ಸಾಕು ಎಂದುಕೊಂಡೆ. ಅವರು ಕಾರ್ಡುಗಳನ್ನು ಸರಿಸಿ, “ಒಳಗೆ ಅದು ಇದೆ ಅಂತ ಗೊತ್ತಿದ್ದರೆ ನಿದ್ದೆ ಬರಲ್ಲ, ಅದು ಇದರಲ್ಲಿ ಎಲ್ಲಿದೆ?” ಎಂದರು. ಎಲ್ಲೂ ಇರಲಿಲ್ಲ. ಎರಡು ವಾರ ಯೋಚಿಸಿ, ಸೋರಿಕೆಯ ಚುಕ್ಕೆಗಳನ್ನು ಇನ್ನೊಮ್ಮೆ ನೋಡಿ, ಆಪರೇಷನ್ ಮಾಡಿಸಿಕೊಂಡರು.

ಈಗ ಚಿಂತೆಗೂ ಕಾರ್ಡಿದೆ. ಜೊತೆಗೆ ಒಂದು ಖಾಲಿ ಕಾರ್ಡು, ಪೆನ್ನು. ಕಳೆದ ವಾರ ಒಬ್ಬರು ಅದರಲ್ಲಿ ಬರೆದದ್ದು: “ಹಾಸಿಗೆ ಹಿಡಿದ ಹೆಂಡತಿಗೆ ನಾನೊಬ್ಬನೇ. ದಿನಾ ವಿಕಿರಣಕ್ಕೆ ಬರಲಾರೆ.”