ಒಡೆದ ಚೂರಿಗೂ ಒಂದು ವಿಳಾಸ: ಮ್ಯೂಸಿಯಂ ಪಟ್ಟಿ ಮಾಡುವುದು ಹೇಗೆ?

ಸಣ್ಣ ಮ್ಯೂಸಿಯಂಗಳ ಹಳೆ ರಿಜಿಸ್ಟರ್ ತೆರೆದರೆ ಸಾಮಾನ್ಯವಾಗಿ ಕಾಣುವುದು ಇಷ್ಟೇ: ‘ಮಡಕೆ ಚೂರು’, ‘ಮಡಕೆ ಚೂರು’, ‘ಗಾಜಿನ ತುಂಡು’, ಮತ್ತೆ ‘ಮಡಕೆ ಚೂರು’. ಯಾವುದು ಯಾವುದೆಂದು ಬರೆದವರನ್ನೇ ಕೇಳಿದರೂ ಹೇಳಲಾರರು. ಇಡೀ ಹೂಜಿಯಾದರೆ ದಾಖಲೆ ಕಳೆದರೂ ಹೂಜಿಯಾಗಿ ಉಳಿಯುತ್ತದೆ. ಚೂರಿನ ದಾಖಲೆ ಕಳೆದರೆ ಅದು ಕಸದ ಬುಟ್ಟಿಗೇ ಸೈ.

1. ಬಂದ ಹಾಗೇ ಇಡಿ

ಚೂರುಗಳ ಜೊತೆ ಬಂದ ಚೀಟಿ, ಹರಿದ ಲಕೋಟೆ, ಡಬ್ಬದ ಮೇಲಿನ ಬರಹ ಯಾವುದನ್ನೂ ಎಸೆಯಬೇಡಿ. ಒಟ್ಟಿಗೆ ಬಂದದ್ದನ್ನು ಬೇರೆ ಮಾಡುವ ಮೊದಲು ಒಂದು ಫೋಟೊ ತೆಗೆಯಿರಿ. ತೊಳೆಯುವ ಆತುರವೂ ಬೇಡ. ಮೆತ್ತನೆ ಬ್ರಷ್‌ನಿಂದ ಸಡಿಲ ಮಣ್ಣು ಉದುರಿಸಿದರೆ ಸಾಕು. ಹೊರಮೈಯ ಮಸಿ ಕೊಳೆಯಲ್ಲ, ಅದು ಬೆಂಕಿ ಕಂಡದ್ದಕ್ಕೆ ಸಾಕ್ಷಿ. ಒಳಗೆ ಅಂಟಿಕೊಂಡ ಕರಕಲನ್ನೂ ಕೆರೆಯಬೇಡಿ. ಕಬ್ಬಿಣಕ್ಕಂತೂ ನೀರು ತಾಗಿಸಲೇಬೇಡಿ.

2. ನಂಬರ್ ಕೊಡಿ

ಬಂದ ವರ್ಷ, ಆ ವರ್ಷದ ಎಷ್ಟನೇ ಗಂಟು (ಒಟ್ಟಿಗೆ ಬಂದ ಚೂರುಗಳೆಲ್ಲ ಸೇರಿ ಒಂದು ಗಂಟು), ಗಂಟಿನಲ್ಲಿ ಎಷ್ಟನೇ ಚೂರು: 2024.6.15 ಅನ್ನುವ ಹಾಗೆ. ಮಣ್ಣಿಗೊಂದು ಅಕ್ಷರ, ಗಾಜಿಗೊಂದು ಅಕ್ಷರ ಅಂತ ನಂಬರಿನೊಳಗೇ ಎಲ್ಲವನ್ನೂ ತುರುಕುವ ಗೋಜಿಗೆ ಹೋಗಬೇಡಿ. ನಾಳೆ ಆ ಗುರುತು ತಪ್ಪು ಅಂತ ಗೊತ್ತಾದರೆ ನಂಬರೂ ತಪ್ಪುತ್ತದೆ.

3. ವಿವರ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಚೂರು ಕೈಗೆ ಬಂದ ತಕ್ಷಣ ‘ಇದು ಏನು?’ ಅಂತ ಯೋಚಿಸಲು ಶುರು ಮಾಡುತ್ತಾರೆ. ಮೊದಲು ಕೇಳಬೇಕಾದದ್ದು ಅದಲ್ಲ, ‘ಇದು ಯಾವ ಭಾಗ?’ ಅಂತ. ಬಾಯಂಚೋ, ಕುತ್ತಿಗೆಯೋ, ಹೊಟ್ಟೆಯೋ, ತಳವೋ, ಹಿಡಿಕೆಯೋ?

ಬಾಯಂಚು ಸಿಕ್ಕಿದರೆ ಅದೃಷ್ಟ. ಅದನ್ನು ಬಾಯಿ ಕೆಳಗೆ ಮಾಡಿ ಸಮತಟ್ಟಾದ ಮೇಜಿನ ಮೇಲೆ ಇಡಿ. ನೀವು ಬಗ್ಗಿ, ಕಣ್ಣು ಮೇಜಿನ ಮಟ್ಟಕ್ಕೆ ತನ್ನಿ. ಚೂರಿನ ಹಿಂದೆ ಒಂದು ಟಾರ್ಚ್ ಇರಲಿ. ಅಂಚಿನ ಕೆಳಗಿಂದ ಬೆಳಕು ನುಸುಳುತ್ತದೆ, ಅಲ್ವಾ? ಚೂರನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ವಾಲಿಸುತ್ತಾ ಹೋಗಿ. ಒಂದು ಕಡೆ ಅಂಚು ಪೂರ್ತಿ ಮೇಜಿಗೆ ಕೂತು ಬೆಳಕು ನಿಂತುಬಿಡುತ್ತದೆ. ಚೂರು ಪಾತ್ರೆಯಲ್ಲಿ ನಿಂತಿದ್ದ ವಾಲು ಅದೇ. ಗೋಡೆ ನೆಟ್ಟಗಿತ್ತೋ, ಹೊರಕ್ಕೆ ಬಿಚ್ಚಿಕೊಂಡಿತ್ತೋ ಆಗ ತಾನೇ ಕಾಣುತ್ತದೆ. ಚೂರನ್ನು ಹೇಗೋ ಹಿಡಿದು ಚಿತ್ರ ಬರೆದರೆ ತಟ್ಟೆ ಹೋಗಿ ಲೋಟ ಆಗುತ್ತದೆ.

ಈಗ ಬಾಯಿಯ ಅಗಲ. ಒಂದು ಹಾಳೆಯಲ್ಲಿ ಒಂದೇ ನಡುಬಿಂದುವಿನಿಂದ, 1 ಸೆಂ.ಮೀ. ಅಂತರದಲ್ಲಿ ಒಂದರ ಹೊರಗೊಂದು ವೃತ್ತ ಬರೆದಿಟ್ಟುಕೊಳ್ಳಿ. ವಾಲು ಬದಲಾಗದಂತೆ ಅಂಚನ್ನು ಅದರ ಮೇಲೆ ಸರಿಸಿ ಯಾವ ವೃತ್ತಕ್ಕೆ ಕೂರುತ್ತದೆ ನೋಡಿ. ಆ ವೃತ್ತದಲ್ಲಿ ನಿಮ್ಮ ಚೂರು ಶೇಕಡಾ ಎಷ್ಟು ಪಾಲು ಅನ್ನುವುದನ್ನೂ ಬರೆಯಿರಿ. ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಅಗಲ ನಂಬುವ ಹಾಗಿಲ್ಲ. ‘ಹೇಳಲಾಗದು’ ಅಂತ ಬರೆಯಿರಿ, ಸುಮ್ನೆ ಅಂಕಿ ತುಂಬಬೇಡಿ. ಆಮೇಲೆ ಕ್ಯಾಲಿಪರ್‌ನಲ್ಲಿ ದಪ್ಪ, ತಕ್ಕಡಿಯಲ್ಲಿ ಗ್ರಾಂ ಲೆಕ್ಕದ ತೂಕ.

ಒಡೆದ ಅಂಚನ್ನು ಎಷ್ಟೋ ಜನ ನೋಡುವುದೇ ಇಲ್ಲ. ಹೊಸ ಒಡಕು ಚೂಪಾಗಿ, ಸ್ವಚ್ಛವಾಗಿ ಇರುತ್ತದೆ. ಹಳೆಯದು ಸವೆದು ಮಣ್ಣು ಹಿಡಿದಿರುತ್ತದೆ. ಹೊಸ ಒಡಕು ಕಂಡರೆ ಅದೇ ಗಂಟಿನಲ್ಲಿ ಜೋಡಿ ಹುಡುಕಿ. ಸಿಕ್ಕಿದರೆ ರಿಜಿಸ್ಟರಿನಲ್ಲಿ ಬರೆಯಿರಿ, ಅಂಟಿಸಬೇಡಿ. ಅಂಚಿನ ನಡುವೆ ಬೂದು ಪದರ, ಎರಡೂ ಬದಿ ಕೆಂಪು ಇದ್ದರೆ ಸುಡುವಾಗ ಒಳಗಿನವರೆಗೆ ಸರಿಯಾಗಿ ಬೆಂದಿಲ್ಲ ಅಂತ. ಒಳಮೈಯಲ್ಲಿ ಸಮಾನಾಂತರ ಗೆರೆಗಳಿದ್ದರೆ ತಿಗರಿಯ ಕೆಲಸ ಇರಬಹುದು. ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುವವರೂ ಇದ್ದಾರೆ. ಬೇಡಪ್ಪಾ!

ಬಾಟಲಿಯ ಕುತ್ತಿಗೆ ಸಿಕ್ಕಿದರೆ ಅಚ್ಚಿನ ಗೆರೆಯನ್ನು ಉಗುರಿನಿಂದ ಹುಡುಕಿ. ಅದು ಬಾಯಿಯ ತುದಿಯನ್ನೂ ದಾಟಿದ್ದರೆ ಸಾಮಾನ್ಯವಾಗಿ ಯಂತ್ರದ ಬಾಟಲಿ. ಮೈಕೆಲ್ ಓವೆನ್ಸ್‌ನ ಸ್ವಯಂಚಾಲಿತ ಯಂತ್ರ ಬಂದದ್ದೇ 20ನೇ ಶತಮಾನದ ಆರಂಭದಲ್ಲಿ. ಗೆರೆ ಬಾಯಿಗಿಂತ ಕೆಳಗೇ ನಿಂತಿದ್ದರೆ ಬಾಯಿಯನ್ನು ಕೈಯಲ್ಲಿ ತಿದ್ದಿರಬಹುದು. ಆದರೆ ಗೆರೆಯೇ ಇಲ್ಲ ಅಂದ ಮಾತ್ರಕ್ಕೆ ಅಚ್ಚಿಲ್ಲದೆ ಮಾಡಿದ್ದು ಅಂತ ಬರೆಯಬೇಡಿ. ಅಚ್ಚಿನೊಳಗೇ ಬಾಟಲಿ ತಿರುಗಿಸಿ ಗೆರೆ ಅಳಿಸುವ ವಿಧಾನವೂ ಇತ್ತು.

ಇಷ್ಟಾದ ಮೇಲೆ ಹೆಸರು. ನಾನು ಹೇಳುವುದಾದರೆ ರಿಜಿಸ್ಟರಿನಲ್ಲಿ ಎರಡು ಕಾಲಂ ಇರಲೇಬೇಕು: ‘ಕಂಡದ್ದು’, ‘ಊಹೆ’. ‘ಕೆಂಪು ಮಣ್ಣು, ಬಾಯಂಚು, ಒಳಗೆ ಗೆರೆ’ ಮೊದಲನೆಯದಕ್ಕೆ. ‘ನೀರಿನ ಹೂಜಿ ಇರಬಹುದು, ಬಾಯಿ ಕಿರಿದು’ ಎರಡನೆಯದಕ್ಕೆ. 1978ರಲ್ಲಿ ರಾಬರ್ಟ್ ಚೆನ್‌ಹಾಲ್ ಮ್ಯೂಸಿಯಂ ವಸ್ತುಗಳನ್ನು ಬಳಕೆಯ ಪ್ರಕಾರ ವಿಂಗಡಿಸುವ ಹೆಸರುಪಟ್ಟಿ ಪ್ರಕಟಿಸಿದರು. ಇಡೀ ವಸ್ತುಗಳಿಗೆ ಅದು ಒಳ್ಳೆಯ ದಾರಿ. ಚೂರಿನ ಬಳಕೆ ಯಾವುದೆಂದೇ ಎಷ್ಟೋ ಸಲ ತಿಳಿಯುವುದಿಲ್ಲವಲ್ಲ, ಹಾಗಾಗಿ ಇಲ್ಲಿ ಮೊದಲು ಯಾವುದರಿಂದ ಮಾಡಿದ್ದು, ಯಾವ ಭಾಗ ಅನ್ನುವುದೇ ಬರಲಿ.

4. ಚೂರಿನ ಮೇಲೆ ನಂಬರ್ ಬರೆಯಿರಿ

ಒಳಮೈಯಲ್ಲಿ, ಚಿತ್ರ ಅಥವಾ ಮುದ್ರೆ ಇಲ್ಲದ ಜಾಗ ಆರಿಸಿ. ಒಡೆದ ಅಂಚಿನ ಮೇಲೆ ಬರೆಯಬಾರದು, ಜೋಡಿ ಕೂರುವ ಜಾಗ ಅದು. ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟನ್ನು ಚಿಕ್ಕ ಪಟ್ಟಿಯಷ್ಟು ಹಚ್ಚಿ, ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಪಿಗ್ಮೆಂಟ್ ಇಂಕ್‌ನಲ್ಲಿ (ಬಣ್ಣದ ಪುಡಿ ಬೆರೆಸಿದ, ಬೇಗ ಮಾಸದ ಇಂಕ್) ನಂಬರ್. ಇಂಕ್ ಒಣಗಿದ ಮೇಲೆ ಇನ್ನೊಂದು ತೆಳು ಪದರ, ಒಂದೇ ಎಳೆತದಲ್ಲಿ. ಉಜ್ಜಿದರೆ ಇಂಕ್ ಕಲಸುತ್ತದೆ. ಬೇಡವಾದಾಗ ಅಸಿಟೋನ್‌ನಲ್ಲಿ ಒರೆಸಿ ತೆಗೆಯಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಇದರ ಬದಲು ನೈಲ್ ಪಾಲಿಶ್ ಸಾಕು ಅನ್ನುವವರ ಮಾತು ಕೇಳಬೇಡಿ, ಅದು ಹಳದಿಯಾಗಿ ಸಿಪ್ಪೆ ಏಳುತ್ತದೆ. ಸೆಲ್ಲೋಟೇಪ್ ಇನ್ನೂ ಕೆಟ್ಟದ್ದು: ನಂಬರ್ ಉದುರುತ್ತದೆ, ಅಂಟಿನ ಕಲೆ ಮಾತ್ರ ಉಳಿಯುತ್ತದೆ. ಕಪ್ಪು ಚೂರಿಗೆ ವೈಟ್ನರ್ ಬಳಿಯುವುದನ್ನೂ ಬಿಡಿ, ಬಿಳಿ ಪಿಗ್ಮೆಂಟ್ ಇಂಕ್ ಸಿಗುತ್ತದೆ.

ಪ್ಲಾಸ್ಟಿಕ್ ಗುಂಡಿ, ಬಾಚಣಿಗೆ ತುಂಡಿನ ಹತ್ತಿರ ಅಸಿಟೋನ್ ತರಬೇಡಿ, ಕರಗೇ ಹೋದೀತು. ಅವಕ್ಕೆ, ತುಕ್ಕು ಉದುರುವ ಕಬ್ಬಿಣಕ್ಕೆ, ಬರೆಯಲು ಜಾಗವೇ ಇಲ್ಲದಷ್ಟು ಪುಟ್ಟ ಚೂರುಗಳಿಗೆ ಚೀಟಿಯೇ ಸರಿ.

5. ಫೋಟೊ, ಕವರ್, ಜಾಗ

ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಮೈ ಮತ್ತು ಒಡೆದ ಅಂಚಿನ ಫೋಟೊ ತೆಗೆಯಿರಿ. ಪಾಲಿಥೀನ್ ಜಿಪ್ ಕವರ್ ಬಳಸಿ, ಪಿವಿಸಿ ಬೇಡ. ಕಬ್ಬಿಣ ಬೇರೆ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ. ನಂಬರಿನ ಚೀಟಿ ಕವರಿನ ಒಳಗೂ ಒಂದಿರಲಿ. ರಬ್ಬರ್ ಬ್ಯಾಂಡ್ ಹಾಕಬೇಡಿ. ರಿಜಿಸ್ಟರಿನಲ್ಲಿ ಕಪಾಟಿನ ನಂಬರನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯಿರಿ, ಡಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ.